ಕೊಯ್ದ ಮಾವಿನೊಳಗೆ ಹುಳ ಏಳದ ಹಾಗೆ: ಊಜಿ ನೊಣಕ್ಕೆ ಬಿಸಿನೀರಿನ ಉಪಚಾರ, ಮೊದಲಿಂದ ಕೊನೆವರೆಗೆ

ಎರಡು ವರ್ಷದ ಹಿಂದಿನ ಮಾತು, ಮೇ ಕೊನೆಯ ವಾರ. ಪಾಂಡವಪುರದ ಹತ್ತಿರ ಇರುವ ನಮ್ಮ ತೋಟದ ಬಾದಾಮಿ ಮಾವನ್ನು ಐದೈದು ಕೆಜಿ ಡಬ್ಬಕ್ಕೆ ತುಂಬಿ ಮೈಸೂರಿನ ಕುವೆಂಪುನಗರದ ಮನೆಗಳಿಗೆ ಕೊಟ್ಟು ಬಂದಿದ್ದೆ. ಆರನೇ ದಿನ ಒಬ್ಬ ಅಕ್ಕನ ಫೋನು. "ಅಣ್ಣ, ಹಣ್ಣು ಮೇಲೆ ಚಿನ್ನದ ಹಂಗಿದೆ. ಮಗುಗೆ ಅಂತ ಹೆಚ್ಚಿದ್ರೆ ಒಳಗೆಲ್ಲಾ ಬಿಳಿ ಹುಳ. ನೀವೇ ಬಂದು ನೋಡಿ." ಹೋಗಿ ನೋಡಿದೆ, ನಿಜ. ಸಂಜೆಯೊಳಗೆ ಇನ್ನೂ ನಾಲ್ಕು ಮನೆಯಿಂದ ಅದೇ ಮಾತು ಬಂತು. ದುಡ್ಡು ವಾಪಸ್ ಕೊಟ್ಟೆ. ಆದರೆ ಕೊಯ್ಯುವಾಗ ಒಂದೊಂದು ಕಾಯಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿದ್ದೆ, ಒಂದರಲ್ಲೂ ತೂತು ಕಂಡಿರಲಿಲ್ಲ. ಹಾಗಾದರೆ ಹುಳ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಗೊತ್ತಾದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಕೊಯ್ದ ಮೇಲೆ ಬಂದ ಹುಳ ಅದಲ್ಲ. ಕೊಯ್ಯುವ ಹೊತ್ತಿಗೇ ಮೊಟ್ಟೆ ಸಿಪ್ಪೆಯ ಕೆಳಗೆ ಕೂತಿತ್ತು. ನಾವು ಹಣ್ಣನ್ನು ಹುಲ್ಲಿನಲ್ಲಿಟ್ಟು ಮಾಗಿಸುವ ಅದೇ ಆರೇಳು ದಿನದಲ್ಲಿ ಅದು ಒಳಗೆ ಬೆಳೆಯಿತು. ಆದ್ದರಿಂದ ಕೊಯ್ದ ಮೊದಲ 24 ಗಂಟೆ ಬಹಳ ಮುಖ್ಯ. ಆ ದಿನ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ನೊಣದ ಲೆಕ್ಕ ತಿಳಿದುಕೊಳ್ಳಿ

ನಮ್ಮ ಕಡೆ ಇದನ್ನು ಊಜಿ ನೊಣ ಅಂತಾರೆ, ಹಣ್ಣು ನೊಣ ಅಂತಲೂ ಹೇಳುತ್ತಾರೆ. ರೇಷ್ಮೆ ಸಾಕುವವರು ಗೊಂದಲ ಮಾಡಿಕೊಳ್ಳಬೇಡಿ. ರೇಷ್ಮೆಹುಳದ ಮೈಮೇಲೆ ಮೊಟ್ಟೆ ಇಡುವ, 1980ರಲ್ಲಿ ಕರ್ನಾಟಕಕ್ಕೆ ಬಂದು ಸೇರಿದ ಊಜಿ ಬೇರೆ ಜಾತಿ. ಹೆಸರು ಮಾತ್ರ ಒಂದೇ. ಮಾವು, ಸೀಬೆ, ಸಪೋಟಕ್ಕೆ ಬೀಳುವ ನೊಣದ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಮನೆ ನೊಣದಷ್ಟೇ ದಪ್ಪ, ನೋಡಿದರೆ ಸಣ್ಣ ಕಣಜದ ಹಾಗೆ ಕಾಣುತ್ತದೆ, ಬೆನ್ನ ಮೇಲೆ ಎರಡು ಹಳದಿ ಪಟ್ಟೆ ಇರುತ್ತದೆ. ಅಡುಗೆಮನೆಯಲ್ಲಿ ಮಾಗಿದ ಬಾಳೆಹಣ್ಣಿನ ಮೇಲೆ ಗುಂಪಾಗಿ ಹಾರುವ ಸಾಸಿವೆ ಗಾತ್ರದ ನೊಣ ಇದಲ್ಲ. ಅದು ಕೊಳೆಯಲು ಶುರುವಾದ ಹಣ್ಣಿಗೆ ಬರುವಂಥದ್ದು, ಅದರ ಕಾಟ ಅಷ್ಟೇನಿಲ್ಲ.

ಹೆಣ್ಣು ನೊಣದ ಹಿಂಬದಿಯಲ್ಲಿ ಸೂಜಿಯಂಥ ಅಂಗ ಇದೆ. ಬಲಿತ ಕಾಯಿಯ ಸಿಪ್ಪೆಯನ್ನು ಅದರಿಂದ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆ ಬಿಳಿ, ಸುಮಾರು 1 ಮಿಲಿಮೀಟರ್ ಉದ್ದ, ಸಣ್ಣ ಅಕ್ಕಿ ನುಚ್ಚಿನ ಹಾಗೆ ಗೊಂಚಲಾಗಿ ಇರುತ್ತದೆ. ಒಂದರಿಂದ ಮೂರು ದಿನದಲ್ಲಿ ಒಡೆಯುತ್ತದೆ. ನಮ್ಮ ಬೇಸಿಗೆಯ ಸೆಕೆಯಲ್ಲಿ ಮರಿ ಸುಮಾರು ಒಂದು ವಾರದಿಂದ ಹತ್ತು ದಿನ ತಿರುಳು ತಿಂದು ಬೆಳೆಯುತ್ತದೆ. ಆಮೇಲೆ ಹಣ್ಣಿನಿಂದ ಹೊರಗೆ ಬಂದು, ಪುಟಿದು ಪುಟಿದು ನೆಲಕ್ಕೆ ಬಿದ್ದು, ಒಂದೆರಡು ಅಂಗುಲ ಮಣ್ಣಿನೊಳಗೆ ಹೋಗಿ ಕೋಶ ಕಟ್ಟುತ್ತದೆ. ಮತ್ತೆ ಎಂಟು ಹತ್ತು ದಿನಕ್ಕೆ ಹೊಸ ನೊಣ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಈಗ ಮಾವು ಮಾಗುವ ದಿನಗಳನ್ನು ಇದರ ಪಕ್ಕ ಇಟ್ಟು ನೋಡಿ. ಕೊಯ್ಯುವುದಕ್ಕೆ ಒಂದು ದಿನ ಮುಂಚೆ ಮೊಟ್ಟೆ ಬಿದ್ದಿದ್ದರೆ ಕೊಯ್ದ ದಿನ ಏನೂ ಕಾಣುವುದಿಲ್ಲ. ಹಣ್ಣಾಗುವ ಆರನೇ ಏಳನೇ ದಿನಕ್ಕೆ ಮರಿ ದಪ್ಪಗೆ ಬೆಳೆದಿರುತ್ತದೆ. ಗಿರಾಕಿ ಚಾಕು ಹಾಕುವುದು ಸರಿಯಾಗಿ ಅದೇ ದಿನ! ಏಪ್ರಿಲ್ ಕೊನೆಯಲ್ಲಿ ಕೊಯ್ದ ಮಾಲಿನಲ್ಲಿ ಕಾಟ ಕಡಿಮೆ, ಮೇ ಕೊನೆಗೆ ರೋಹಿಣಿ ಮಳೆ ಬೀಳಲು ಶುರುವಾದ ಮೇಲೆ ಜಾಸ್ತಿ. ಮಣ್ಣು ನೆನೆದ ಕೂಡಲೇ ಕೋಶದಿಂದ ನೊಣ ಏಳುವುದು ಹೆಚ್ಚುತ್ತದೆ.

ಇವನ್ನು ಮಾಡಿ ಸಮಯ ಕಳೆಯಬೇಡಿ

ಕೊಯ್ದ ಕಾಯನ್ನು ಉಪ್ಪುನೀರಿನಲ್ಲಿ ಅದ್ದುವುದು, ಅರಿಶಿನದ ನೀರಿನಲ್ಲಿ ಅದ್ದುವುದು, ಬೇವಿನೆಣ್ಣೆ ಹಾಕಿದ ನೀರಿನಲ್ಲಿ ತೊಳೆಯುವುದು, ಇವೆಲ್ಲ ಸಿಪ್ಪೆಯ ಹೊರಗಡೆ ಮಾತ್ರ. ಮೊಟ್ಟೆ ಇರುವುದು ಸಿಪ್ಪೆಯ ಒಳಗೆ. ಕೊಯ್ದ ಹಣ್ಣಿಗೆ ಕೀಟನಾಶಕ ಹೊಡೆಯುವವರನ್ನೂ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಅದು ನೇರ ತಿನ್ನುವವರ ಹೊಟ್ಟೆಗೆ ಹೋಗುತ್ತದೆ, ಒಳಗಿನ ಹುಳ ಮಾತ್ರ ಹಾಗೇ ಇರುತ್ತದೆ.

ಫ್ರಿಜ್ಜಿನಲ್ಲಿ ಇಟ್ಟರೆ ಸಾಯುತ್ತದಲ್ವಾ ಅಂತ ಕೇಳುತ್ತಾರೆ. ಒಂದು ಡಿಗ್ರಿ ಆಸುಪಾಸಿನ ತಣ್ಣಗೆಯಲ್ಲಿ ಎರಡು ವಾರದ ಹತ್ತಿರ ಇಟ್ಟರೆ ಸಾಯುತ್ತದೆ ನಿಜ, ಆದರೆ ಮಾವು ಅಷ್ಟು ತಡೆಯುವುದಿಲ್ಲ. ಸುಮಾರು 12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟ ಮಾವಿನ ಕಾಯಿ ಸಿಪ್ಪೆ ಕಪ್ಪಾಗಿ, ಮಾಗದೆ ಕೆಡುತ್ತದೆ. 13 ಡಿಗ್ರಿಯ ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣೂ ನಿಧಾನ, ಹುಳವೂ ನಿಧಾನ, ಅಷ್ಟೇ.

ಒಳಗಿನ ಮೊಟ್ಟೆಯನ್ನು ಮುಟ್ಟುವುದು ಶಾಖ ಅಥವಾ ವಿಕಿರಣ. 2007ರಲ್ಲಿ ಅಮೆರಿಕ ನಮ್ಮ ಮಾವಿಗೆ ಬಾಗಿಲು ತೆರೆದಾಗ 400 ಗ್ರೇ ವಿಕಿರಣ ಕೊಟ್ಟೇ ಕಳಿಸಬೇಕು ಅಂತ ಷರತ್ತು ಹಾಕಿತು. ಜಪಾನ್ ಬಿಸಿ ಆವಿಯ ಉಪಚಾರ ಕೇಳುತ್ತದೆ. 2014ರ ಮೇ ತಿಂಗಳಲ್ಲಿ ಯುರೋಪ್ ಒಕ್ಕೂಟ ಭಾರತದ ಮಾವನ್ನೇ ನಿಲ್ಲಿಸಿಬಿಟ್ಟಿತ್ತು, ಕಾರಣ ಇದೇ ಹಣ್ಣು ನೊಣ. 2015ರ ಶುರುವಿನಲ್ಲಿ ತಡೆ ತೆಗೆದರು. ವಿಕಿರಣ, ಆವಿ ಎಲ್ಲ ದೊಡ್ಡ ಘಟಕದ ಮಾತು. ನಮ್ಮಂಥವರ ಕೈಗೆ ಸಿಗುವುದು ಬಿಸಿನೀರು. 48 ಡಿಗ್ರಿ ನೀರಿನಲ್ಲಿ 60 ನಿಮಿಷ. ರಫ್ತಿನ ಮಾವಿಗೂ ಇದೇ ಲೆಕ್ಕ ಇಡುತ್ತಾರೆ.

ಕೊಯ್ಲಿನ ದಿನ

ಬಲಿಯದ ಕಾಯನ್ನು ಬಿಸಿನೀರಿಗೆ ಹಾಕಬೇಡಿ. ತೊಟ್ಟಿನ ಸುತ್ತ ಸುಕ್ಕುಗಟ್ಟಿ, ಒಳಗೆ ತಿರುಳು ಗಟ್ಟಿಯಾಗಿಯೇ ಉಳಿದುಬಿಡುತ್ತದೆ. ಹೆಗಲು ತುಂಬಿ ತೊಟ್ಟಿಗಿಂತ ಮೇಲೆ ಎದ್ದಿರುವ ಕಾಯಿ ಆರಿಸಿ. ಅನುಮಾನ ಇದ್ದರೆ ಬಕೆಟ್ ನೀರಿಗೆ ಹಾಕಿ ನೋಡಿ, ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ.

ಬಲೆ ಕಟ್ಟಿದ ದೋಟಿಯಲ್ಲಿ ಎರಡು ಅಂಗುಲ ತೊಟ್ಟು ಸಮೇತ ಕೊಯ್ಯಿರಿ. ನೆಲಕ್ಕೆ ಬಿದ್ದ ಕಾಯಿ ಯಾವ ಕಾರಣಕ್ಕೂ ಈ ರಾಶಿಗೆ ಸೇರಬಾರದು. ಬಿದ್ದದ್ದರಲ್ಲಿ ಹುಳ ಇರುವುದು ಜಾಸ್ತಿ, ಜೊತೆಗೆ ಪೆಟ್ಟು ಬಿದ್ದ ಜಾಗ ಬಿಸಿನೀರಿನಲ್ಲಿ ಕಪ್ಪಾಗುತ್ತದೆ. ನೆರಳಿಗೆ ತಂದು ತೊಟ್ಟನ್ನು ಅರ್ಧ ಅಂಗುಲಕ್ಕೆ ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿ ಎರಡು ಮೂರು ಗಂಟೆ ಇಟ್ಟು ಸೊನೆ ಇಳಿಸಿ. ಸೊನೆ ಅಂಟಿದ ಸಿಪ್ಪೆ ಬಿಸಿಯಲ್ಲಿ ಸುಟ್ಟ ಹಾಗೆ ಆಗುತ್ತದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕೊಯ್ದ ರಾಶಿಯನ್ನು ಹಳೇ ಸೀರೆಯಿಂದಲೋ ಸೊಳ್ಳೆಪರದೆಯಿಂದಲೋ ಮುಚ್ಚಿಡಿ. ತೋಟದಲ್ಲಿ ತೆರೆದಿಟ್ಟ ಕ್ರೇಟ್ ಮೇಲೆ ಕೂತು ಮೊಟ್ಟೆ ಇಡುವುದಕ್ಕೆ ನೊಣಕ್ಕೆ ಜಾಸ್ತಿ ಹೊತ್ತು ಬೇಡ.

ಆರಿಸುವುದು

ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ, ಅದರ ಸುತ್ತ ಮಾಸಲು ಹಸಿರು ಅಥವಾ ಕಂದು ಉಂಗುರ ಇದ್ದರೆ ಹೆಬ್ಬೆರಳಿನಿಂದ ಪಕ್ಕದಲ್ಲಿ ಮೆಲ್ಲಗೆ ಒತ್ತಿ. ನೀರಿನ ಹನಿಯಂತೆ ರಸ ಒಸರಿದರೆ ಅದು ಚುಚ್ಚಿದ ಕಾಯಿ, ಪಕ್ಕಕ್ಕೆ ಹಾಕಿ. ಒಂದೇ ಕಡೆ ಬೇಗ ಹಳದಿಯಾಗಿ ಮೆತ್ತಗಾದದ್ದನ್ನೂ ಬೇರೆ ಮಾಡಿ. ಆದರೆ ನೆನಪಿರಲಿ, ಹೊಸದಾಗಿ ಚುಚ್ಚಿದ ಗುರುತು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಆರಿಸಿದ್ದೇವೆ ಅಂತ ಬಿಸಿನೀರು ಬಿಡುವ ಹಾಗಿಲ್ಲ. ಹಾಗೇ ಬಿಸಿನೀರು ಇದೆ ಅಂತ ಆರಿಸದೇ ಇರುವ ಹಾಗೂ ಇಲ್ಲ, ಯಾಕೆಂದರೆ ದಪ್ಪ ಹುಳ ಈಗಾಗಲೇ ಸುರಂಗ ಕೊರೆದ ಹಣ್ಣಿನಲ್ಲಿ ಹುಳ ಸತ್ತರೂ ತಿರುಳು ಕೊಳೆಯುತ್ತದೆ.

ಪ್ರತಿ ರಾಶಿಯಿಂದ ಹತ್ತು ಕಾಯಿ ತೆಗೆದು ಸಿಪ್ಪೆಯನ್ನು ತೆಳ್ಳಗೆ ಹೆರೆದು ನೋಡುವುದು ನನ್ನ ಅಭ್ಯಾಸ. ಹತ್ತರಲ್ಲಿ ಮೂರಕ್ಕೆ ಮೊಟ್ಟೆಯೋ ಮರಿಯೋ ಸಿಕ್ಕರೆ ಆ ಮರದ ಮಾಲನ್ನು ಮಾರಾಟಕ್ಕೆ ತರುವುದೇ ಇಲ್ಲ, ಕಾಯಾಗಿದ್ದಾಗಲೇ ಉಪ್ಪಿನಕಾಯಿಗೆ ನೋಡಿ ಕತ್ತರಿಸುತ್ತೇವೆ.

ಆಮೇಲೆ ಗಾತ್ರ ನೋಡಿ ಬೇರೆ ಮಾಡಿ. ಕಾಲು ಕೆಜಿಯ ಬಾದಾಮಿ, ರಸಪುರಿ ಒಂದು ಕಡೆ. ಮಲ್ಲಿಕಾ, ದೊಡ್ಡ ಬಂಗನಪಲ್ಲಿ, ಗಿಣಿಮೂತಿ ಇನ್ನೊಂದು ಕಡೆ. ದಪ್ಪ ಹಣ್ಣಿನ ಒಳಕ್ಕೆ ಶಾಖ ಹೋಗಲು ಹೆಚ್ಚು ಹೊತ್ತು ಬೇಕು.

ಬಿಸಿನೀರು: ಇಲ್ಲಿ ಅವಸರ ಬೇಡ

ಮೊದಲು ಥರ್ಮಾಮೀಟರ್. ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಕೈ ಅದ್ದಿ ಅಂದಾಜು ಮಾಡುವ ಕೆಲಸ ಇದಲ್ಲ. 46ಕ್ಕೂ 48ಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹುಳಕ್ಕೆ ಗೊತ್ತಾಗುತ್ತದೆ. 50 ದಾಟಿದರೆ ಸಿಪ್ಪೆ ಬೇಯುತ್ತದೆ. ಅಂಗಡಿಯಿಂದ ತಂದದ್ದು ಸರಿ ತೋರಿಸುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಪುಡಿ ಮಾಡಿದ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ 0 ತೋರಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರ್ ಪಕ್ಕದಲ್ಲಿಟ್ಟು 38, 40ರ ಹತ್ತಿರ ಎರಡೂ ಒಂದೇ ಹೇಳುತ್ತವಾ ನೋಡಿ. ಕುದಿಯುವ ನೀರಿನಲ್ಲಿ ನೋಡುವುದಾದರೆ 100 ಬರಲಿಲ್ಲ ಅಂತ ಗಾಬರಿಯಾಗಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ರಿಂದ 98 ಡಿಗ್ರಿಗೇ ಕುದಿಯುತ್ತದೆ.

ಪಾತ್ರೆಗೆ 200 ಲೀಟರ್ ಡ್ರಮ್ ಸಾಕು. ಎಣ್ಣೆ, ಔಷಧಿ ಇದ್ದ ಡ್ರಮ್ ಬೇಡ. ನನ್ನ ಲೆಕ್ಕ ಹೀಗಿದೆ: 125 ಲೀಟರ್ ನೀರು, ಒಂದು ಸಲಕ್ಕೆ 35 ಕೆಜಿ ಹಣ್ಣು. ದುರಾಸೆಗೆ 60 ಕೆಜಿ ತುಂಬಿದರೆ ನೀರು ತಣ್ಣಗಾಗಿ ಇಡೀ ಕೆಲಸ ಹಾಳು. ಹಣ್ಣನ್ನು ಈರುಳ್ಳಿಯ ಬಲೆ ಚೀಲಕ್ಕೆ ಒಂಬತ್ತು ಕೆಜಿ ಹಾಗೆ ತುಂಬಿ, ನಾಲ್ಕು ಚೀಲವನ್ನು ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟ ಕೋಲಿನಿಂದ ಇಳಿಬಿಡುತ್ತೇನೆ. ಚೀಲ ಬಿಗಿಯಾಗಿ ತುಂಬಬೇಡಿ, ಹಣ್ಣುಗಳ ನಡುವೆ ನೀರು ಓಡಾಡಬೇಕು. ಮೇಲಿನ ಹಣ್ಣು ನೀರಿನಿಂದ ಒಂದು ಗೇಣಿನ ಅರ್ಧದಷ್ಟಾದರೂ ಕೆಳಗೆ ಇರಲಿ. ಚೀಲ ತೇಲಿದರೆ ಒಳಗೆ ತೊಳೆದ ಕಲ್ಲು ಕಟ್ಟಿ.

ನೀರು ಕಾಯಿಸಲು ಏನು ಬಳಸಬೇಕು ಅನ್ನುವುದು ನಿಮ್ಮ ಅನುಕೂಲ. ನಮ್ಮೂರುಗಳಲ್ಲಿ ಸೌದೆ ಒಲೆಯ ಹಂಡೆ ಇದ್ದೇ ಇರುತ್ತದೆ. ಮನೆ ಮೇಲೆ ಸೋಲಾರ್ ಇರುವವರಿಗೆ ಕೆಲಸ ಇನ್ನೂ ಸುಲಭ: 60 ಡಿಗ್ರಿಯ ಸೋಲಾರ್ ನೀರು ಎರಡು ಪಾಲು, 25 ಡಿಗ್ರಿಯ ತಣ್ಣೀರು ಒಂದು ಪಾಲು ಸೇರಿಸಿದರೆ ಹೆಚ್ಚೂಕಡಿಮೆ 48 ಬರುತ್ತದೆ. ಕರೆಂಟ್ ರಾಡ್ ಹಾಕುವುದಾದರೆ ಪ್ಲಾಸ್ಟಿಕ್ ಡ್ರಮ್ ಬಳಸಿ, ರಾಡ್ ಪ್ಲಾಸ್ಟಿಕ್ಕಿಗೆ ತಾಗಬಾರದು. ನೀರಿಗೆ ಕೈಯಾಗಲಿ ಥರ್ಮಾಮೀಟರಾಗಲಿ ಹಾಕುವ ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಒದ್ದೆ ನೆಲ, ಒದ್ದೆ ಕೈ, ಕಬ್ಬಿಣದ ಡ್ರಮ್, ರಾಡ್, ಈ ನಾಲ್ಕು ಒಟ್ಟಿಗೆ ಸೇರುವುದು ಬೇಡವೇ ಬೇಡ.

ನೀರು 48ಕ್ಕೆ ಬಂದ ಮೇಲೆ ಚೀಲ ಇಳಿಸಿ. ಇಲ್ಲಿಂದ ಮುಂದೆ ಎಲ್ಲರೂ ಎಡವುವ ಜಾಗ. ಹಣ್ಣು 28 ಡಿಗ್ರಿಯಲ್ಲಿರುತ್ತದೆ, ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಮೇಲೆ ಹೇಳಿದ ಲೆಕ್ಕದಲ್ಲಿ ನೀರು 44ಕ್ಕೆ ಇಳಿಯುತ್ತದೆ. ಅದನ್ನು ಮತ್ತೆ ಮೇಲೆ ತರಲು ಕುದಿಯುವುದಕ್ಕೆ ಹತ್ತಿರದ ನೀರು ಸುಮಾರು 15 ಲೀಟರ್ ಬೇಕು, ಹೊರಗಿನ ಗಾಳಿಗೆ ಹೋಗುವ ಶಾಖ ಸೇರಿಸಿ ಪಕ್ಕದಲ್ಲಿ 25 ಲೀಟರ್ ಬಿಸಿ ಇಟ್ಟುಕೊಂಡಿರಿ. ಒಂದೇ ಸಲ ಸುರಿಯಬೇಡಿ. ಚೆಂಬಿನಲ್ಲಿ ಡ್ರಮ್ಮಿನ ಅಂಚಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ, ಉದ್ದ ಮರದ ಕೋಲಿನಿಂದ ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತಾ ಇರಿ. ಬಿಸಿ ನೀರು ಹಣ್ಣಿನ ಮೇಲೆ ನೇರ ಬೀಳಬಾರದು.

ಗಡಿಯಾರ ಶುರು ಮಾಡುವುದು ಹಣ್ಣು ಹಾಕಿದ ಗಳಿಗೆಯಿಂದ ಅಲ್ಲ. ನೀರು ಮತ್ತೆ 48 ಮುಟ್ಟಿದ ಗಳಿಗೆಯಿಂದ. ಅಲ್ಲಿಂದ ಪೂರ್ತಿ 60 ನಿಮಿಷ. ಐದೈದು ನಿಮಿಷಕ್ಕೆ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ. ತಿರುಗಿಸದಿದ್ದರೆ ಮೇಲೆ 49, ತಳದಲ್ಲಿ 45 ಇರುವುದು ನಾನೇ ಕಂಡಿದ್ದೇನೆ. ನಡುವೆ 47ಕ್ಕಿಂತ ಕೆಳಗೆ ಹೋಯಿತಾ? ಹೋದಷ್ಟು ನಿಮಿಷವನ್ನು ಕೊನೆಯಲ್ಲಿ ಸೇರಿಸಿ.

ಮುಗಿಯುವ ಹೊತ್ತಿಗೆ ಎಲ್ಲಕ್ಕಿಂತ ದಪ್ಪ ಹಣ್ಣೊಂದನ್ನು ತೆಗೆದು ಥರ್ಮಾಮೀಟರ್ ಕಡ್ಡಿಯನ್ನು ಓಟೆಯವರೆಗೆ ಚುಚ್ಚಿ. ಓಟೆಯ ಪಕ್ಕ 46ರ ಹತ್ತಿರ ಇರಬೇಕು. ಇಲ್ಲದಿದ್ದರೆ ಇನ್ನೂ ಹತ್ತು ಹದಿನೈದು ನಿಮಿಷ. ಅರ್ಧ ಕೆಜಿಯ ಮಲ್ಲಿಕಾಕ್ಕೆ ನಾನು 75 ನಿಮಿಷ ಇಡುತ್ತೇನೆ. ಅಮೆರಿಕಕ್ಕೆ ಹೋಗುವ ಲ್ಯಾಟಿನ್ ಅಮೆರಿಕದ ಮಾವಿಗೆ 46.1 ಡಿಗ್ರಿಯಲ್ಲಿ ಹಣ್ಣಿನ ತೂಕ ನೋಡಿ 65ರಿಂದ 110 ನಿಮಿಷದ ತನಕ ನಿಗದಿ ಮಾಡಿರುವುದು ಇದೇ ಕಾರಣಕ್ಕೆ.

ಮೊದಲ ಸಲವೇ ಇಡೀ ಕೊಯ್ಲನ್ನು ಡ್ರಮ್ಮಿಗೆ ಹಾಕಬೇಡಿ. 20 ಹಣ್ಣು ಹಾಕಿ, ಮಾಗಿಸಿ, ತಿಂದು ನೋಡಿ. ತಳಿಯಿಂದ ತಳಿಗೆ, ತೋಟದಿಂದ ತೋಟಕ್ಕೆ ಸಿಪ್ಪೆ ತಡೆಯುವ ಶಕ್ತಿ ಬೇರೆ ಬೇರೆ.

ತಣಿಸುವಾಗ ನೀರಿನ ಮೇಲೆ ಕಣ್ಣಿರಲಿ

ಹೊರಗೆ ತೆಗೆದ ತಕ್ಷಣ ತಣ್ಣೀರಿಗೆ ಹಾಕಬೇಡಿ. ನೆರಳಿನಲ್ಲಿ ಬಲೆಯೊಳಗೆ ಅರ್ಧ ಗಂಟೆ ಹಾಗೇ ಬಿಡಿ, ಒಳಗಿನ ಶಾಖ ಆ ಹೊತ್ತಿನಲ್ಲೂ ಕೆಲಸ ಮಾಡುತ್ತಿರುತ್ತದೆ. ಅದಾದ ಮೇಲೂ ತಣ್ಣೀರು ಬೇಕು ಅಂತಿದ್ದರೆ ಕುಡಿಯುವ ನೀರನ್ನೇ ಬಳಸಿ. ನಾಲೆ ನೀರು, ಕೃಷಿ ಹೊಂಡದ ನೀರು ಬೇಡ. ಬಿಸಿ ಹಣ್ಣನ್ನು ತಣ್ಣೀರಿಗೆ ಹಾಕಿದಾಗ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಜಾಗದಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನಲ್ಲಿದ್ದ ರೋಗಾಣುವೂ ಜೊತೆಗೆ ಹೋಗುತ್ತದೆ. 1999ರ ಕೊನೆಯಲ್ಲಿ ಅಮೆರಿಕದ 13 ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಕಾಯಿಲೆ ಹರಡಿದಾಗ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಬ್ರೆಜಿಲ್‌ನ ಒಂದು ಮಾವಿನ ತೋಟ. ನೊಣಕ್ಕೆ ಅಂತ ಬಿಸಿನೀರು ಕೊಟ್ಟು, ಆಮೇಲೆ ಶುದ್ಧವಲ್ಲದ ತಣ್ಣೀರಿನಲ್ಲಿ ಅದ್ದಿದ್ದರು. ಹುಳ ತೆಗೆಯಲು ಹೋಗಿ ಕಾಯಿಲೆ ಕೊಡುವ ಹಾಗೆ ಆಗಬಾರದು. ನಾನಂತೂ ತಣ್ಣೀರು ಬಿಟ್ಟಿದ್ದೇನೆ, ಬೀಸು ಫ್ಯಾನ್ ಹಾಕಿ ಆರಿಸುತ್ತೇನೆ.

ಬಿಸಿನೀರಿಗೆ ಇಳಿಸುವ ಮೊದಲು ಕಾಯಿ ತೊಳೆಯುವ ನೀರಿಗೂ 100 ಲೀಟರಿಗೆ 30 ಗ್ರಾಂನಷ್ಟು ಹೊಸ ಬ್ಲೀಚಿಂಗ್ ಪೌಡರ್ ಕರಗಿಸಿ, ತಿಳಿ ಮಾತ್ರ ಬಳಸಿ. ಡ್ರಮ್ಮಿನ ನೀರನ್ನು ದಿನಾ ಬದಲಿಸಿ.

ಮತ್ತೆ ನೊಣ ಕೂರದಂತೆ

ಬಿಸಿನೀರು ಒಳಗಿದ್ದದ್ದನ್ನು ಕೊಲ್ಲುತ್ತದೆ, ನಾಳೆ ಬರುವ ನೊಣವನ್ನು ತಡೆಯುವುದಿಲ್ಲ. ಮಾಗುತ್ತಿರುವ ಹಣ್ಣಿನ ವಾಸನೆಗೆ ನೊಣ ಇನ್ನೂ ಬೇಗ ಬರುತ್ತದೆ. ಮಾಗಿಸುವ ಕೋಣೆಯ ಕಿಟಕಿ, ಗವಾಕ್ಷಿ, ಬಾಗಿಲಿಗೆಲ್ಲ ಸೊಳ್ಳೆ ಜಾಲರಿ ಹಾಕಿ. ಜಾಲರಿಯ ಕಣ್ಣು ಒಂದೂವರೆ ಮಿಲಿಮೀಟರ್ ಮೀರದಿದ್ದರೆ ಈ ನೊಣ ನುಗ್ಗುವುದಿಲ್ಲ. ಕೋಣೆ ಇಲ್ಲದವರು ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ ಒಳಗೆ ಕ್ರೇಟ್ ಇಡಬಹುದು. ಉಪಚಾರ ಆದ ಹಣ್ಣು, ಆಗದ ಹಣ್ಣು ಒಂದೇ ಕೋಣೆಯಲ್ಲಿ ಬೇಡ.

ಹಣ್ಣು ಪೂರ್ತಿ ಒಣಗಿದ ಮೇಲೆಯೇ ಭತ್ತದ ಹುಲ್ಲಿನಲ್ಲಿ ಇಡಿ, ಒದ್ದೆ ಇದ್ದರೆ ಬೂಸ್ಟು ಬರುತ್ತದೆ. ಬಿಸಿ ಕಂಡ ಹಣ್ಣು ಒಂದೆರಡು ದಿನ ಬೇಗ ಮಾಗುವುದುಂಟು, ಗಿರಾಕಿಗೆ ಮೊದಲೇ ಹೇಳಿಬಿಡಿ. ಕಾರ್ಬೈಡ್ ಮುಟ್ಟಲೇಬೇಡಿ, ಅದು ಕಾನೂನಿನಲ್ಲೇ ನಿಷೇಧ. ಎಥಿಲೀನ್ ಗ್ಯಾಸಿಗೆ 100 ಪಿಪಿಎಂ ತನಕ ಅನುಮತಿ ಇದೆ, ಎಥಿಲೀನ್ ಪೊಟ್ಟಣ ಇಡುವುದಾದರೆ ಅದು ಹಣ್ಣಿಗೆ ತಾಗುವಂತಿಲ್ಲ. ಇನ್ನೊಂದು ಲಾಭ ಹೇಳಲೇಬೇಕು. ಹಣ್ಣಿನ ಮೇಲೆ ಕಪ್ಪು ಮಚ್ಚೆ ಹರಡುವ ಚಿಬ್ಬು ರೋಗವೂ ಈ ಬಿಸಿನೀರಿಗೆ ಚೆನ್ನಾಗಿ ತಗ್ಗುತ್ತದೆ.

ಕೆಲಸ ಆಯಿತಾ ಅಂತ ತಿಳಿಯುವುದು ಹೇಗೆ

ಇದನ್ನು ಯಾರೂ ಮಾಡುವುದಿಲ್ಲ, ನನಗೆ ಮಾತ್ರ ಇದೇ ಧೈರ್ಯ ಕೊಟ್ಟಿದ್ದು. ಎರಡು ಅಗಲದ ಟಬ್ ತೆಗೆದುಕೊಂಡು ತಳಕ್ಕೆ ಎರಡು ಅಂಗುಲ ಜರಡಿ ಹಿಡಿದ ಒಣ ಮರಳು ಹಾಕಿ. ಅದರ ಮೇಲೆ ಒಂದು ತಂತಿ ಜಾಲರಿ, ಜಾಲರಿಯ ಮೇಲೆ 20 ಹಣ್ಣು. ಒಂದು ಟಬ್ಬಿಗೆ ಉಪಚಾರ ಮಾಡಿದ ಹಣ್ಣು, ಇನ್ನೊಂದಕ್ಕೆ ಅದೇ ಮರದ ಹಾಗೇ ಇರುವ ಹಣ್ಣು. ಎರಡನ್ನೂ ತೆಳು ಬಟ್ಟೆಯಿಂದ ಬಿಗಿಯಾಗಿ ಕಟ್ಟಿ 12 ದಿನ ಬಿಡಿ. ಹಣ್ಣು ಕೊಳೆತರೂ ಪರವಾಗಿಲ್ಲ. ಆಮೇಲೆ ಮರಳನ್ನು ಜರಡಿ ಹಿಡಿದರೆ ಗೋಧಿ ಕಾಳಿನಂಥ ಕಂದು ಕೋಶಗಳು ಸಿಗುತ್ತವೆ, ಎಣಿಸಿ. ಉಪಚಾರ ಮಾಡಿದ ಟಬ್ಬಿನಲ್ಲಿ ಒಂದೇ ಒಂದು ಕೋಶ ಸಿಕ್ಕರೂ ಎಲ್ಲೋ ತಪ್ಪಿದೆ ಅಂತ ಅರ್ಥ. ಥರ್ಮಾಮೀಟರ್ ನೋಡಿ, ತಿರುಗಿಸಿದ್ದು ಸಾಕಾಯಿತಾ ನೋಡಿ, ತುಂಬಿದ್ದು ಜಾಸ್ತಿಯಾಯಿತಾ ನೋಡಿ. ನನ್ನ ಮೊದಲ ಪ್ರಯತ್ನದಲ್ಲಿ ಹನ್ನೊಂದು ಕೋಶ ಸಿಕ್ಕಿದ್ದವು. ತಳದ ಚೀಲಕ್ಕೆ ಶಾಖ ಹೋಗಿರಲಿಲ್ಲ. ಗಡಿಯಾರವನ್ನು ತಳದ ನೀರು 48 ಮುಟ್ಟಿದ ಮೇಲೆ ಶುರು ಮಾಡಿದ ಮೇಲೆ ಸೊನ್ನೆಗೆ ಬಂತು.

ತೆಗೆದುಹಾಕಿದ ಹಣ್ಣನ್ನು ಏನು ಮಾಡಬೇಕು

ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯ ಮೆತ್ತನೆ ಗೊಬ್ಬರ ಕೋಶ ಕಟ್ಟಲು ಹೇಳಿ ಮಾಡಿಸಿದ ಜಾಗ, ಮೂರು ವಾರದಲ್ಲಿ ಅಲ್ಲಿಂದಲೇ ನೊಣ ಎದ್ದು ಮರಕ್ಕೆ ಬರುತ್ತದೆ. ಬದುವಿನ ಮೇಲೆ ಸುರಿಯುವುದೂ ಅದೇ ತಪ್ಪು. ಕಪ್ಪು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿನಲ್ಲಿ ಹತ್ತು ದಿನ ಇಡಿ, ಒಳಗಿನದೆಲ್ಲ ಸಾಯುತ್ತದೆ. ಮಳೆಗಾಲದಲ್ಲಿ ಬಿಸಿಲು ಸಾಲದು, ಆಗ ಎರಡು ಅಡಿಗಿಂತ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ತುಳಿಯಿರಿ. ದನಕ್ಕೆ ಹಾಕುವವರು ಬೇಯಿಸಿ ಹಾಕಿ. ಹವಾಯಿ ದ್ವೀಪಗಳಲ್ಲಿ ಇಂಥ ಹಣ್ಣನ್ನು ಸಣ್ಣ ಕಣ್ಣಿನ ಬಲೆಯ ಗುಡಾರದೊಳಗೆ ಇಡುತ್ತಾರೆ. ಊಜಿ ನೊಣ ಹೊರಗೆ ಬರಲಾರದು, ಅದರ ಮೇಲೆ ಬದುಕುವ ಸಣ್ಣ ಕಣಜ ಮಾತ್ರ ನುಸುಳಿ ಬಂದು ತೋಟದ ಇನ್ನಷ್ಟು ನೊಣಗಳ ಮೊಟ್ಟೆ ಹುಡುಕುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಸೀಬೆ ಬೆಳೆಯುವವರಿಗೆ

ಸೀಬೆಗೆ ಈ ಬಿಸಿನೀರಿನ ಲೆಕ್ಕ ಹಾಗೇ ಹಾಕಬೇಡಿ. ಸಿಪ್ಪೆ ತೆಳು, ಬೇಗ ಕಂದಾಗುತ್ತದೆ. ಅಲ್ಲಿ ಮರದ ಮೇಲೆಯೇ ಕಾಯಬೇಕು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಬಟ್ಟೆಯಂಥ ತೆಳು ಚೀಲ ತೊಡಿಸಿ ತೊಟ್ಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಬಣ್ಣ ತಿರುಗುವ ಹೊತ್ತಿಗೆ ನೊಣ ಬೀಳುತ್ತದೆ, ಅದಕ್ಕೆ ಮೊದಲು ಚೀಲ ಇರಬೇಕು. ಮಳೆಗಾಲದ ಫಸಲಿಗೆ ಚೀಲವಿಲ್ಲದೆ ಸೀಬೆ ಮಾರುವುದು ಕಷ್ಟ, ಚಳಿಗಾಲದ ಫಸಲಿಗೆ ಕಾಟ ಕಡಿಮೆ.

ಕೊಂಡು ತಿನ್ನುವವರು ಮನೆಯಲ್ಲೇ ಮಾಡಬಹುದಾ?

ಮಾಡಬಹುದು. ಇನ್ನೂ ಗಟ್ಟಿಯಾಗಿರುವ ಕಾಯಿ ತಂದಿದ್ದರೆ ಮಾತ್ರ. ಮೀನು, ಐಸ್‌ಕ್ರೀಮ್ ತರುವ ಥರ್ಮಾಕೋಲ್ ಡಬ್ಬ ಒಂದು ತೊಳೆದುಕೊಳ್ಳಿ, 20 ಲೀಟರ್ ಹಿಡಿಯುವಂಥದ್ದು. 15 ಲೀಟರ್ ಬಿಸಿನೀರಿಗೆ 3 ಕೆಜಿ ಹಣ್ಣು. ಮುಚ್ಚಳ ಹಾಕಿದರೆ ಶಾಖ ಚೆನ್ನಾಗಿ ನಿಲ್ಲುತ್ತದೆ, ಹತ್ತು ನಿಮಿಷಕ್ಕೊಮ್ಮೆ ತೆಗೆದು ಅಳೆದು, ಒಂದು ಚೆಂಬು ಬಿಸಿ ನೀರು ಸೇರಿಸಿ ಕಲಕಿದರೆ ಸಾಕು. ಉಳಿದದ್ದೆಲ್ಲ ಮೇಲಿನ ಹಾಗೇ. ಆಗಲೇ ಮಾಗಿದ ಹಣ್ಣಿಗೆ ಬೇಡ, ಕೊಯ್ದು ನೋಡಿ ತಿನ್ನಿ. ಹುಳ ಇರುವ ಭಾಗ ತೆಗೆದು ಉಳಿದದ್ದು ತಿಂದರೆ ಕಾಯಿಲೆಯೇನೂ ಬರುವುದಿಲ್ಲ, ಕೊಳೆತ ವಾಸನೆ ಇದ್ದರೆ ಮಾತ್ರ ಬಿಸಾಡಿ.

ಮುಂದಿನ ವರ್ಷಕ್ಕೆ ತೋಟದಲ್ಲಿ

ಬಿಸಿನೀರಿಗೆ ಬರುವ ಮುಂಚೆಯೇ ಹುಳ ಕಡಿಮೆ ಇದ್ದರೆ ಎಲ್ಲ ಸುಲಭ. ಕೊಯ್ಲಿಗೆ ಒಂದೂವರೆ ತಿಂಗಳು ಮೊದಲು ಮೀಥೈಲ್ ಯೂಜಿನಾಲ್ ಬಿಲ್ಲೆ ಇರುವ ಬಲೆಗಳನ್ನು ಎಕರೆಗೆ ಆರರಿಂದ ಎಂಟರಂತೆ, ಎದೆಯೆತ್ತರದಲ್ಲಿ ನೆರಳಿರುವ ಕೊಂಬೆಗೆ ಕಟ್ಟಿ. ಈ ವಾಸನೆಗೆ ಗಂಡು ನೊಣ ಮಾತ್ರ ಬರುತ್ತದೆ. ಗಂಡು ಕಡಿಮೆಯಾದರೆ ಹೆಣ್ಣಿಗೆ ಜೋಡಿ ಸಿಗದೆ ಫಲ ಕಟ್ಟಿದ ಮೊಟ್ಟೆ ಕಡಿಮೆಯಾಗುತ್ತದೆ. ಅದಕ್ಕೇ ಕೊಯ್ಲಿನ ವಾರ ಕಟ್ಟಿದರೆ ಪ್ರಯೋಜನ ಇಲ್ಲ, ಪಕ್ಕದ ತೋಟದವರೂ ಸೇರಿ ಕಟ್ಟಿದರೆ ಪ್ರಯೋಜನ ಹೆಚ್ಚು. ಹೀರೆ, ಹಾಗಲಕ್ಕೆ ಬೀಳುವ ನೊಣಕ್ಕೆ ಈ ಬಿಲ್ಲೆ ಆಗದು, ಅದಕ್ಕೆ ಕ್ಯೂಲ್ಯೂರ್ ಅಂತ ಬೇರೆ ಕೇಳಿ. ಬಿದ್ದ ಹಣ್ಣನ್ನು ಎರಡು ದಿನಕ್ಕೊಮ್ಮೆ ಆಯಿರಿ. ಕೊಯ್ಲು ಮುಗಿದ ಮೇಲೆ ಮರದ ಬುಡವನ್ನು ಮೇಲುಮೇಲೆ ಉತ್ತು ಕೋಶಗಳನ್ನು ಬಿಸಿಲಿಗೆ, ಇರುವೆಗೆ, ಗೊರವಂಕಕ್ಕೆ ಬಿಡಿ.

ಮಂಡ್ಯ ಕಡೆಯವರಿಗೆ ವಿ.ಸಿ. ಫಾರಂನಲ್ಲಿ, ಮೈಸೂರು ಕಡೆಯವರಿಗೆ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬಲೆ ಎಲ್ಲಿ ಸಿಗುತ್ತದೆ, ನಿಮ್ಮ ತಳಿಗೆ ಏನು ಹೊಂದುತ್ತದೆ ಅಂತ ಅಲ್ಲಿ ಕೇಳಿ. ಹೋಗುವಾಗ ಹುಳ ಬಿದ್ದ ಎರಡು ಹಣ್ಣು, ಜರಡಿ ಹಿಡಿದು ಸಿಕ್ಕ ಕೋಶಗಳನ್ನು ಒಂದು ಬಾಟಲಿಯಲ್ಲಿ ಮುಚ್ಚಳ ಬಿಗಿದು ತೆಗೆದುಕೊಂಡು ಹೋಗಿ, ಜೊತೆಗೆ ನೀವು ಐದೈದು ನಿಮಿಷಕ್ಕೆ ಬರೆದಿಟ್ಟ ಡಿಗ್ರಿಯ ಪುಸ್ತಕ.